ಟೈಮ್‌ಟೇಬಲ್ಲಿನಲ್ಲಿ ಮನೆಮಾತಿಗೆ ಜಾಗ: ಇಂಗ್ಲೆಂಡಿನ ಶಾಲೆಗಳಲ್ಲಿ ಉರ್ದು ಪಾಠ

ಇಂಗ್ಲೆಂಡಿನ ಬ್ರಾಡ್‌ಫರ್ಡ್, ಬರ್ಮಿಂಗ್‌ಹ್ಯಾಮ್‌ನಂಥ ಊರುಗಳಲ್ಲಿ ಹುಟ್ಟಿದ ಪಾಕಿಸ್ತಾನಿ ಮೂಲದ ಮಗು ಸರ್ಕಾರಿ ಹೈಸ್ಕೂಲಿನಲ್ಲೇ ಉರ್ದು ಕಲಿಯುವ ಸಾಧ್ಯತೆ ಇದೆ. ಫ್ರೆಂಚ್, ಸ್ಪ್ಯಾನಿಷ್ ಇದ್ದ ಹಾಗೆ ಅದೂ ಒಂದು ವಿಷಯ. ಹದಿನಾರನೇ ವಯಸ್ಸಿಗೆ ಬರುವ ಜಿಸಿಎಸ್‌ಇ ಪರೀಕ್ಷೆ ಅಲ್ಲಿನ ಎಸ್ಸೆಸ್ಸೆಲ್ಸಿ ಎನ್ನಬಹುದು. ಅದರಲ್ಲಿ ಉರ್ದು ಪೇಪರ್ ಇದೆ. ಮುಂದೆ ನಮ್ಮ ಪಿಯುಸಿಯಂಥ ಎ ಲೆವೆಲ್‌ನಲ್ಲೂ ಇದೆ. ಅದೇ ಬೀದಿಯಲ್ಲಿ ಬೆಳೆಯುವ ಕನ್ನಡದ ಮಗುವಿಗೆ ಈ ದಾರಿ ಇಲ್ಲ. ಕನ್ನಡಕ್ಕೆ ಜಿಸಿಎಸ್‌ಇ ಪೇಪರೇ ಇಲ್ಲ.

ಅವರ ಸಂಖ್ಯೆ ಜಾಸ್ತಿ, ಅದಕ್ಕೇ ಅಂತ ನಾವು ಥಟ್ಟನೆ ಹೇಳಿಬಿಡುತ್ತೇವೆ. ಅದು ನಿಜವೇ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,70,000 ಜನ ಉರ್ದು ತಮ್ಮ ಮುಖ್ಯ ಭಾಷೆ ಎಂದು ಬರೆಸಿದ್ದಾರೆ. ಪಂಜಾಬಿಯವರು ಸುಮಾರು 2,91,000. ಅದೂ ಗಣತಿಯ ಫಾರಂ ಕೇಳುವುದು ಒಂದೇ ಒಂದು ‘ಮುಖ್ಯ ಭಾಷೆ’ಯನ್ನು. ಮನೆಯಲ್ಲಿ ಎರಡು ಭಾಷೆ ಆಡುವವರು ಅಲ್ಲಿ ಇಂಗ್ಲಿಷ್ ಅಂತ ಬರೆದರೆ ಎರಡನೆಯದು ಲೆಕ್ಕಕ್ಕೇ ಸಿಗುವುದಿಲ್ಲ. ಹಾಗಾಗಿ ಉರ್ದು ಬಲ್ಲವರು ಇದಕ್ಕಿಂತ ಎಷ್ಟೋ ಹೆಚ್ಚಿರುತ್ತಾರೆ.

ಆದರೆ ಸಂಖ್ಯೆ ಇದ್ದ ಮಾತ್ರಕ್ಕೆ ಭಾಷೆ ಶಾಲೆಯೊಳಗೆ ಬರುವುದಿಲ್ಲ. ಕಾನೂನು, ಪರೀಕ್ಷೆ, ಶಿಕ್ಷಕರು, ಹಣ, ಇಷ್ಟೂ ಬೇಕು. ಇದಕ್ಕೆಲ್ಲ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಈ ಮಗುವಿನ ಮನೆಮಾತು ಯಾವುದು? ಉರ್ದು ಪಾಠದ ಕಥೆಯಲ್ಲಿ ಅತಿ ಹೆಚ್ಚು ಗೊಂದಲ ಇರುವುದೂ ಇಲ್ಲೇ, ಅತಿ ಹೆಚ್ಚು ನೋವು ಇರುವುದೂ ಇಲ್ಲೇ.

ಮನೆಯಲ್ಲಿ ಆಡುವುದು ಉರ್ದುವೇ?

ಬ್ರಿಟನ್ನಿನ ಪಾಕಿಸ್ತಾನಿ ಮೂಲದವರಲ್ಲಿ ಬಹುಪಾಲು ಮಂದಿಯ ಬೇರು ಇರುವುದು ಮೀರ್‌ಪುರ್ ಜಿಲ್ಲೆ ಮತ್ತು ಅದರ ಸುತ್ತಮುತ್ತ. ಅದು ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ದಕ್ಷಿಣ ಭಾಗ. ಎರಡನೇ ಮಹಾಯುದ್ಧದ ನಂತರ ಯಾರ್ಕ್‌ಷೈರ್ ಮತ್ತು ಲ್ಯಾಂಕಾಷೈರ್‌ನ ಬಟ್ಟೆ ಗಿರಣಿಗಳಿಗೆ ರಾತ್ರಿ ಪಾಳಿಗೆ ಜನ ಬೇಕಿತ್ತು. ಮೀರ್‌ಪುರದಿಂದ ಗಂಡಸರು ಬಂದರು. 1960ರ ದಶಕದಲ್ಲಿ ಝೇಲಂ ನದಿಗೆ ಮಂಗ್ಲಾ ಅಣೆಕಟ್ಟು ಕಟ್ಟಿದಾಗ ಹಳೇ ಮೀರ್‌ಪುರ್ ಪಟ್ಟಣವೇ ನೀರಿನಡಿ ಹೋಯಿತು. ಒಂದು ಲಕ್ಷಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಅವರಲ್ಲಿ ಎಷ್ಟೋ ಮಂದಿ ಮೊದಲೇ ಹೋಗಿದ್ದ ನೆಂಟರ ಹಿಂದೆ ಇಂಗ್ಲೆಂಡಿಗೆ ಹೊರಟರು.

ಈ ಮನೆಗಳಲ್ಲಿ ಆಡುವ ಮಾತು ಉರ್ದು ಅಲ್ಲ. ಅದು ಪಹಾಡಿ. ಪೋಠವಾರಿ, ಮೀರ್‌ಪುರಿ ಅಂತಲೂ ಕರೆಯುತ್ತಾರೆ. ಉರ್ದುವಿನಲ್ಲಿ ‘ಕಾ, ಕೀ’ ಬರುವ ಕಡೆ ಇದರಲ್ಲಿ ‘ನಾ, ನೀ’ ಬರುತ್ತದೆ. ಕ್ರಿಯಾಪದಗಳ ರೂಪವೂ ಬೇರೆ. ಉರ್ದು ಗೊತ್ತಿಲ್ಲದ ಅಜ್ಜಿಗೆ ಉರ್ದು ಸುದ್ದಿ ಪೂರ್ತಿ ಅರ್ಥವಾಗುವುದಿಲ್ಲ. ಇನ್ನು ಕೆಲವು ಮನೆಗಳಲ್ಲಿ ಪಂಜಾಬಿ, ಕೆಲವು ಕಡೆ ಪಶ್ತೋ. ಪಾಕಿಸ್ತಾನದಲ್ಲೇ ಉರ್ದು ಮನೆಮಾತಾಗಿರುವವರು ನೂರಕ್ಕೆ ಹತ್ತು ಮಂದಿಗಿಂತ ಕಡಿಮೆ. ಆದರೆ ಅದು ಅಲ್ಲಿನ ರಾಷ್ಟ್ರಭಾಷೆ. ಶಾಲೆ, ಪತ್ರಿಕೆ, ಕವಿತೆ, ಧರ್ಮದ ಪುಸ್ತಕ, ಊರಿಗೆ ಬರೆಯುವ ಕಾಗದ, ಎಲ್ಲ ಉರ್ದುವಿನಲ್ಲೇ. ಓದು ಬರಹಕ್ಕೂ ಮರ್ಯಾದೆಗೂ ಉರ್ದು, ಮಾತಿಗೆ ಪಹಾಡಿ, ಹೀಗೆ ಕೆಲಸ ಹಂಚಿಹೋಗಿದೆ.

ಈಗ ಬ್ರಾಡ್‌ಫರ್ಡ್‌ನ ಒಂದು ಮಗುವಿನ ದಿನವನ್ನು ಊಹಿಸಿಕೊಳ್ಳಿ. ಅಜ್ಜಿಯ ಜೊತೆ ಪಹಾಡಿ. ಅಕ್ಕ ತಮ್ಮಂದಿರ ಜೊತೆ ಇಂಗ್ಲಿಷ್. ಟಿವಿಯ ಧಾರಾವಾಹಿಯಲ್ಲಿ ಉರ್ದು. ಶಾಲೆ ಬಿಟ್ಟ ಮೇಲೆ ಮಸೀದಿಯಲ್ಲಿ ಕುರಾನ್ ಓದುವುದಕ್ಕೆ ಅರಬ್ಬಿ. ಶಾಲೆಯ ಫಾರಂನಲ್ಲಿ ‘ಮನೆಯ ಭಾಷೆ’ ಎಂಬ ಕಾಲಂ ಬಂದಾಗ ಎಷ್ಟೋ ತಂದೆ ತಾಯಿಯರು ‘ಉರ್ದು’ ಎಂದೇ ಬರೆಯುತ್ತಾರೆ. ಪಹಾಡಿಗೆ ಪುಸ್ತಕ ಇಲ್ಲ, ಪರೀಕ್ಷೆ ಇಲ್ಲ, ಹಾಗಾಗಿ ಅದು ಭಾಷೆಯೇ ಅಲ್ಲ ಅನ್ನುವ ಭಾವನೆ ಅವರಲ್ಲೇ ಇರುತ್ತದೆ. ಶಾಲೆ ಅದನ್ನು ಹಾಗೇ ನಂಬುತ್ತದೆ. ಆಮೇಲೆ ಮಗು ಉರ್ದು ತರಗತಿಯಲ್ಲಿ ತಡವರಿಸಿದರೆ ‘ತನ್ನ ಮಾತೃಭಾಷೆಯೇ ಬರುವುದಿಲ್ಲ’ ಎಂಬ ಹಣೆಪಟ್ಟಿ ಬೀಳುತ್ತದೆ. ಇದು ನನಗೆ ತುಂಬ ಅನ್ಯಾಯ ಅನ್ನಿಸುತ್ತದೆ. ಆ ಮಗುವಿಗೆ ಮನೆಮಾತು ಚೆನ್ನಾಗಿಯೇ ಬರುತ್ತದೆ. ಅದರ ಹೆಸರನ್ನು ಯಾರೂ ಕೇಳಲಿಲ್ಲ, ಅಷ್ಟೇ.

ಈ ತೊಡಕು ಇರುವುದು ಉರ್ದುವಿಗೊಂದಕ್ಕೇ ಅಲ್ಲ. ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಬಾಂಗ್ಲಾದೇಶಿ ಮೂಲದ ಮಕ್ಕಳ ಮನೆಮಾತು ಬಹುಮಟ್ಟಿಗೆ ಸಿಲ್ಹೆಟಿ. ಪರೀಕ್ಷೆ ಇರುವುದು ಶಿಷ್ಟ ಬಂಗಾಳಿಗೆ. ಪಂಜಾಬಿಗೆ ಜಿಸಿಎಸ್‌ಇ ಇದೆ, ಆದರೆ ಅದು ಭಾರತದ ಕಡೆ ಪಂಜಾಬಿ ಬರೆಯುವ ಗುರುಮುಖಿ ಲಿಪಿಯಲ್ಲಿ. ಲಾಹೋರ್ ಕಡೆಯ ಪಂಜಾಬಿ ಮನೆಯ ಮಗುವಿಗೆ ಆ ಲಿಪಿಯ ಪರಿಚಯವೇ ಇರುವುದಿಲ್ಲ. ಅದು ಉರ್ದು ತಗೊಳ್ಳುತ್ತದೆ.

ನಮಗೂ ಇದು ಹೊಸದೇನಲ್ಲ, ಅಲ್ವಾ? ಕರ್ನಾಟಕದ ಉರ್ದು ಮಾಧ್ಯಮ ಶಾಲೆಗೆ ಹೋಗುವ ಮಗು ಮನೆಯಲ್ಲಿ ಆಡುವುದು ದಖನಿ. ಮನೆಯಲ್ಲಿ ‘ಹೌ’, ‘ನಕ್ಕೋ’. ಪುಸ್ತಕದಲ್ಲಿ ‘ಹಾಂ’, ‘ನಹೀ’. ದಖನಿಗೆ ನೂರಾರು ವರ್ಷಗಳ ಸಾಹಿತ್ಯ ಇದೆ. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಅದು ಕಾವ್ಯದ ಭಾಷೆಯಾಗಿತ್ತು. ಆದರೂ ತರಗತಿಯಲ್ಲಿ ಅದನ್ನು ‘ತಪ್ಪು ಉರ್ದು’ ಎಂದು ತಿದ್ದುವವರು ಇದ್ದೇ ಇದ್ದಾರೆ. ವಿದೇಶದ ವಾರಾಂತ್ಯದ ಕನ್ನಡ ತರಗತಿಗಳಿಗೆ ತುಳು, ಕೊಂಕಣಿ, ಕೊಡವ ಮನೆಗಳ ಮಕ್ಕಳೂ ಬರುತ್ತಾರೆ. ಅವರಿಗೆ ಕನ್ನಡ ಓದು ಬರಹದ ಭಾಷೆ, ಅಜ್ಜಿಯ ಭಾಷೆಯಲ್ಲ.

ಉರ್ದು ಕಲಿಸುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಉರ್ದು ಕಲಿತ ಮಗುವಿಗೆ ದೊಡ್ಡ ಸಾಹಿತ್ಯವೇ ತೆರೆದುಕೊಳ್ಳುತ್ತದೆ. ಲಖನೌದಿಂದ ಕರಾಚಿವರೆಗೆ ಮಾತಾಡುವ ಜನ ಸಿಗುತ್ತಾರೆ. ಆದರೆ ಪಹಾಡಿಯನ್ನು ಕೀಳು ಮಾಡಿ ಕಲಿಸಿದರೆ, ಹಿಂದೆ ಇಂಗ್ಲಿಷಿನ ಹೆಸರಿನಲ್ಲಿ ಈ ಮಕ್ಕಳಿಗೆ ಮಾಡಿದ್ದನ್ನೇ ಈಗ ಉರ್ದುವಿನ ಹೆಸರಿನಲ್ಲಿ ಮಾಡಿದ ಹಾಗಾಗುತ್ತದೆ.

ಶಾಲೆಯ ಹೊಸಿಲು ದಾಟಿದ ಬಗೆ

ಇಂಗ್ಲಿಷಿನ ಹೆಸರಿನಲ್ಲಿ ಮಾಡಿದ್ದಾದರೂ ಏನು? 1960ರ ದಶಕದಲ್ಲಿ ಸರ್ಕಾರದ ಚಿಂತೆ ಒಂದೇ ಆಗಿತ್ತು. ವಲಸೆ ಬಂದವರ ಮಕ್ಕಳು ಬೇಗ ಇಂಗ್ಲಿಷ್ ಕಲಿತು ಉಳಿದವರ ಜೊತೆ ಬೆರೆತುಬಿಡಬೇಕು. ಒಂದು ಶಾಲೆಯಲ್ಲಿ ಇಂಥ ಮಕ್ಕಳು ಸುಮಾರು ಮೂರನೇ ಒಂದು ಭಾಗ ದಾಟಬಾರದು ಎಂದು 1965ರಲ್ಲಿ ಸುತ್ತೋಲೆ ಬಂತು. ಬ್ರಾಡ್‌ಫರ್ಡ್, ಲಂಡನ್ನಿನ ಸೌತಾಲ್‌ಗಳಲ್ಲಿ ಏಷ್ಯಾ ಮೂಲದ ಮಕ್ಕಳನ್ನು ಬಸ್ಸಿಗೆ ಹತ್ತಿಸಿ ದೂರದ ಶಾಲೆಗಳಿಗೆ ಕಳಿಸುತ್ತಿದ್ದರು. ಹತ್ತಿರದಲ್ಲೇ ಶಾಲೆ ಇದ್ದರೂ ಅಷ್ಟೇ. ಬ್ರಾಡ್‌ಫರ್ಡ್‌ನಲ್ಲಿ ಇದು ನಿಂತದ್ದು 1980ರಲ್ಲಿ. ‘ಮನೆಯಲ್ಲಿ ಇಂಗ್ಲಿಷ್ ಮಾತಾಡಿ’ ಎಂಬ ಉಪದೇಶವಂತೂ ಮೇಷ್ಟರುಗಳಿಂದ ಧಾರಾಳವಾಗಿ ಸಿಗುತ್ತಿತ್ತು. ತಮಗೇ ಸರಿಯಾಗಿ ಬಾರದ ಇಂಗ್ಲಿಷನ್ನು ತಾಯಂದಿರು ಮಕ್ಕಳೊಡನೆ ಆಡಬೇಕು ಅಂತ!

ಗಾಳಿ ಬದಲಾದದ್ದು 1975ರಲ್ಲಿ. ಇಂಗ್ಲಿಷ್ ಬೋಧನೆಯ ಬಗ್ಗೆ ನೇಮಿಸಿದ್ದ ಬುಲಕ್ ಸಮಿತಿ ತನ್ನ ವರದಿಯಲ್ಲಿ, ಯಾವ ಮಗುವೂ ಶಾಲೆಯ ಹೊಸಿಲು ದಾಟುವಾಗ ಮನೆಯ ಭಾಷೆಯನ್ನೂ ಸಂಸ್ಕೃತಿಯನ್ನೂ ಕಳಚಿಟ್ಟು ಬರಬೇಕಾಗಬಾರದು ಎಂದಿತು. 1977ರ ಜುಲೈನಲ್ಲಿ ಯುರೋಪಿನ ಒಕ್ಕೂಟ ಒಂದು ನಿರ್ದೇಶನ ಹೊರಡಿಸಿತು. ವಲಸೆ ಕಾರ್ಮಿಕರ ಮಕ್ಕಳಿಗೆ ಅವರ ಮಾತೃಭಾಷೆ ಕಲಿಸುವುದಕ್ಕೆ ಸದಸ್ಯ ದೇಶಗಳು ಪ್ರೋತ್ಸಾಹ ಕೊಡಬೇಕು ಎಂಬುದು ಅದರ ಸಾರ. ಬ್ರಿಟನ್ ಒಪ್ಪಿಕೊಂಡಿತು, ಆದರೆ ಇದು ಪ್ರತಿ ಮಗುವಿನ ಹಕ್ಕು ಎಂದು ಒಪ್ಪಲಿಲ್ಲ. ಕೆಲಸವನ್ನು ಸ್ಥಳೀಯ ಆಡಳಿತಗಳಿಗೆ ಬಿಟ್ಟುಕೊಟ್ಟಿತು.

ಸುಮಾರು ಅದೇ ಹೊತ್ತಿಗೆ ಬ್ರಾಡ್‌ಫರ್ಡ್‌ನಲ್ಲಿ ಒಂದು ಪ್ರಯೋಗ ನಡೆಯಿತು. ಆಗಷ್ಟೇ ಶಾಲೆಗೆ ಸೇರಿದ ಐದು ವರ್ಷದ ಮಕ್ಕಳಿಗೆ ಒಂದು ವರ್ಷ ದಿನದ ಅರ್ಧ ಪಾಠ ಅವರ ಮನೆಯ ಪಂಜಾಬಿಯಲ್ಲಿ, ಇನ್ನರ್ಧ ಇಂಗ್ಲಿಷಿನಲ್ಲಿ. ಗಮನಿಸಿ, ಉರ್ದುವಿನಲ್ಲಲ್ಲ, ಮನೆಯಲ್ಲಿ ಆಡುವ ಮಾತಿನಲ್ಲೇ. ವರ್ಷದ ಕೊನೆಗೆ ನೋಡಿದರೆ ಈ ಮಕ್ಕಳು ಇಂಗ್ಲಿಷಿನಲ್ಲಿ ಉಳಿದವರಿಗಿಂತ ಹಿಂದೆ ಬಿದ್ದಿರಲಿಲ್ಲ. ಪಂಜಾಬಿಯಲ್ಲಿ ಮುಂದಿದ್ದರು. ಅರ್ಧ ದಿನ ಇಂಗ್ಲಿಷ್ ಕಡಿಮೆಯಾದರೂ ಇಂಗ್ಲಿಷಿಗೆ ನಷ್ಟ ಆಗಲಿಲ್ಲ ಎನ್ನುವುದು ಸಣ್ಣ ವಿಷಯವಲ್ಲ. ಆದರೂ ಆ ದಾರಿಯಲ್ಲಿ ಯಾರೂ ಮುಂದುವರಿಯಲಿಲ್ಲ.

ಯಾಕೆಂದರೆ 1985ರಲ್ಲಿ ಸ್ವಾನ್ ಸಮಿತಿಯ ವರದಿ ಬಂತು. ಅಲ್ಪಸಂಖ್ಯಾತ ಮಕ್ಕಳ ಶಿಕ್ಷಣದ ಬಗ್ಗೆ ಅದು ಒಳ್ಳೆಯ ಮಾತುಗಳನ್ನು ಹೇಳಿತು. ಆದರೆ ಭಾಷೆಯ ವಿಷಯದಲ್ಲಿ ಒಂದು ಗೆರೆ ಎಳೆಯಿತು. ಮನೆಮಾತು ಉಳಿಸಿಕೊಳ್ಳುವುದು ಆಯಾ ಸಮುದಾಯದ ಕೆಲಸ, ಸರ್ಕಾರಿ ಪ್ರೈಮರಿ ಶಾಲೆಯ ಕೆಲಸ ಅಲ್ಲ. ಹೈಸ್ಕೂಲಿನಲ್ಲಿ ಬೇಕಾದರೆ ಇವನ್ನೂ ಬೇರೆ ಭಾಷೆಗಳ ಹಾಗೆ ವಿಷಯವಾಗಿ ಕಲಿಸಿ. ಉರ್ದು ಇವತ್ತು ಹೈಸ್ಕೂಲಿನಲ್ಲಿ ಇದ್ದು ಪ್ರೈಮರಿಯಲ್ಲಿ ಹೆಚ್ಚಾಗಿ ಇಲ್ಲದಿರುವುದಕ್ಕೆ ಮೂಲ ಈ ಗೆರೆಯೇ. ಭಾಷೆ ಕಲಿಯಲು ಮಗುವಿಗೆ ಅತಿ ಸುಲಭವಾದ ವರ್ಷಗಳನ್ನು ಬಿಟ್ಟು, ಹನ್ನೊಂದು ವರ್ಷ ತುಂಬಿದ ಮೇಲೆ ಅದನ್ನೇ ವಿದೇಶಿ ಭಾಷೆಯ ಹಾಗೆ ಕಲಿಸುವುದು ನನ್ನ ಮಟ್ಟಿಗೆ ತಲೆಕೆಳಗಾದ ಲೆಕ್ಕ.

ಆಮೇಲಿನದು ಹೆಚ್ಚಾಗಿ ಪಟ್ಟಿಗಳ ಕಥೆ. 1988ರ ಶಿಕ್ಷಣ ಕಾಯ್ದೆಯ ನಂತರ ರಾಷ್ಟ್ರೀಯ ಪಠ್ಯಕ್ರಮ ಬಂದಾಗ ಕಲಿಸಬಹುದಾದ ಭಾಷೆಗಳನ್ನು ಎರಡು ಪಟ್ಟಿ ಮಾಡಿದರು. ಯುರೋಪಿನ ಒಕ್ಕೂಟದ ಭಾಷೆಗಳು ಒಂದರಲ್ಲಿ. ಉರ್ದು, ಬಂಗಾಳಿ, ಪಂಜಾಬಿ, ಗುಜರಾತಿ, ಹಿಂದಿ, ಅರಬ್ಬಿ ಮುಂತಾದವು ಇನ್ನೊಂದರಲ್ಲಿ. ಮೊದಲ ಪಟ್ಟಿಯ ಒಂದು ಭಾಷೆಯಾದರೂ ಕೊಟ್ಟ ಮೇಲೆಯೇ ಶಾಲೆ ಎರಡನೆಯ ಪಟ್ಟಿಯಿಂದ ಕೊಡಬಹುದಿತ್ತು. ಈ ಮೇಲು ಕೀಳು 2008ರಲ್ಲಿ ಹೋಯಿತು. ಆದರೆ ಅದಕ್ಕೂ ಮೊದಲೇ, 2004ರಲ್ಲಿ, ಹದಿನಾಲ್ಕು ವರ್ಷದ ನಂತರ ಯಾವುದೇ ಭಾಷೆ ಕಡ್ಡಾಯ ಅಲ್ಲ ಎಂದಾಗಿತ್ತು.

ಮನೆಮಾತಿನಿಂದ ಇಂಗ್ಲಿಷ್ ಕೆಡುತ್ತದೆಯೇ?

ಕೆಡುವುದಿಲ್ಲ. ಆದರೂ ಈ ಭಯ ಎಲ್ಲೆಡೆ ಇದೆ, ನಮ್ಮ ಅಪ್ಪ ಅಮ್ಮಂದಿರಲ್ಲೂ ಇದೆ. ಕೆನಡಾದ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ 1979ರಿಂದ ಇದನ್ನು ಬಿಡಿಸಿ ಹೇಳುತ್ತಾ ಬಂದಿದ್ದಾರೆ. ಎರಡು ಭಾಷೆಗಳು ತಲೆಯೊಳಗೆ ಜಾಗಕ್ಕಾಗಿ ಜಗಳ ಆಡುವುದಿಲ್ಲ ಎನ್ನುವುದು ಅವರ ವಾದ. ಕಥೆಯ ಎಳೆ ಹಿಡಿಯುವುದು, ಕಾರಣ ಕೊಡುವುದು, ಓದಿದ್ದನ್ನು ಸಂಗ್ರಹಿಸಿ ಹೇಳುವುದು, ಇವನ್ನು ಮಗು ಒಂದು ಭಾಷೆಯಲ್ಲಿ ಕಲಿತರೆ ಇನ್ನೊಂದರಲ್ಲೂ ಬಳಸುತ್ತದೆ. ಎರಡೂ ಕಡೆ ಹೊಸದಾಗಿ ಕಲಿಯಬೇಕಿಲ್ಲ.

ಕಮಿನ್ಸ್ ತೋರಿಸಿದ ಇನ್ನೊಂದು ವಿಷಯವನ್ನು ಪ್ರತಿ ಮೇಷ್ಟರೂ ತಿಳಿದಿರಬೇಕು. ಹೊಸ ಭಾಷೆಯಲ್ಲಿ ಆಟದ ಮೈದಾನದ ಮಾತು ಒಂದೆರಡು ವರ್ಷದಲ್ಲಿ ಬಂದುಬಿಡುತ್ತದೆ. ಪಾಠದ ಭಾಷೆ, ಅಂದರೆ ವಿಜ್ಞಾನ, ಚರಿತ್ರೆಯನ್ನು ಓದಿ ಬರೆಯುವಷ್ಟು ಹಿಡಿತ, ಬರಲು ಐದರಿಂದ ಏಳು ವರ್ಷ ಬೇಕು. ಮಗು ಪಟಪಟ ಮಾತಾಡುತ್ತದೆ, ಬರೆಯಲು ಹೇಳಿದರೆ ನಿಲ್ಲುತ್ತದೆ. ಆಗ ತಪ್ಪು ಮನೆಮಾತಿನದು ಎಂದು ದೂರುತ್ತಾರೆ. ನಿಜದಲ್ಲಿ ಮಗುವಿಗೆ ಬೇಕಿರುವುದು ಇನ್ನಷ್ಟು ಸಮಯ.

ತರಗತಿಯ ಒಳಗೆ

ಉರ್ದು ತರಗತಿಯಲ್ಲಿ ಕೂತ ಮಕ್ಕಳೆಲ್ಲ ಒಂದೇ ಮಟ್ಟದಲ್ಲಿರುವುದಿಲ್ಲ. ಒಬ್ಬಳು ಎರಡು ವರ್ಷದ ಹಿಂದೆ ಲಾಹೋರ್‌ನಿಂದ ಬಂದವಳು, ಸರಾಗವಾಗಿ ಓದುತ್ತಾಳೆ. ಇನ್ನೊಬ್ಬನ ಅಜ್ಜ ಮೀರ್‌ಪುರದವರು, ಅವನಿಗೆ ಉರ್ದು ಅರ್ಥವಾಗುತ್ತದೆ, ಬಾಯಿಂದ ಬರುವುದು ಪಹಾಡಿ. ಮತ್ತೊಬ್ಬಳ ಮನೆಯಲ್ಲಿ ಈಗ ಪೂರ್ತಿ ಇಂಗ್ಲಿಷ್. ಇವರಿಗೆಲ್ಲ ಒಂದೇ ಪುಸ್ತಕ ಹೊಂದುವುದಿಲ್ಲ. ಪಾಕಿಸ್ತಾನದಿಂದ ತಂದ ಪಠ್ಯ ತುಂಬ ಕಷ್ಟ, ಜೊತೆಗೆ ಅದರೊಳಗಿನ ಊರು, ಶಾಲೆ, ಹಬ್ಬ ಯಾವುದೂ ಈ ಮಕ್ಕಳು ಕಂಡದ್ದಲ್ಲ. ವಿದೇಶಿಯರಿಗೆ ಬರೆದ ಪುಸ್ತಕ ‘ಇದು ಸೇಬು, ಇದು ಬಾಗಿಲು’ ಅಂತ ಶುರುವಾಗುತ್ತದೆ. ಅದು ಮಗುವಿಗೆ ಮೂರು ವರ್ಷಕ್ಕೇ ಗೊತ್ತು.

ಮನೆಯಲ್ಲಿ ಕಲಿತ ಮಾತು ಅಡುಗೆಮನೆ, ನೆಂಟರು, ಗದರಿಕೆ, ಮುದ್ದು, ಇಷ್ಟರೊಳಗೆ ಗಟ್ಟಿಯಾಗಿರುತ್ತದೆ. ಜಿಸಿಎಸ್‌ಇಯಲ್ಲಿ ಪರಿಸರ, ಬಡತನ, ಉದ್ಯೋಗದ ಬಗ್ಗೆಯೂ ಕೇಳುತ್ತಾರೆ. ಸರ್ಕಾರಕ್ಕೆ ‘ಹುಕೂಮತ್’ ಎನ್ನುತ್ತಾರೆಂದು ಅಜ್ಜಿಯ ಜೊತೆ ಮಾತಾಡುವಾಗ ಗೊತ್ತಾಗುವುದಿಲ್ಲ. ಒಳ್ಳೆಯ ಶಿಕ್ಷಕರು ಇಲ್ಲಿ ಮನೆಯ ಮಾತನ್ನೇ ಹಿಡಿದು ಹೊರಡುತ್ತಾರೆ. ನೀನು ಮನೆಯಲ್ಲಿ ಇದನ್ನು ಹೇಗೆ ಹೇಳುತ್ತೀ? ಉರ್ದುವಿನಲ್ಲಿ ಹೀಗೆ ಹೇಳುತ್ತಾರೆ. ಎರಡನ್ನೂ ಅಕ್ಕಪಕ್ಕ ಬೋರ್ಡಿನ ಮೇಲೆ ಬರೆದಾಗ ಮಗುವಿಗೆ ತನ್ನದು ತಪ್ಪಲ್ಲ, ಬೇರೆ ಅಷ್ಟೇ ಎಂದು ತಿಳಿಯುತ್ತದೆ.

ಲಿಪಿಯದು ಇನ್ನೊಂದು ಕಷ್ಟ. ಕನ್ನಡದಲ್ಲಿ ಕೇಳಿದ ಹಾಗೆ ಬರೆಯುತ್ತೇವೆ. ಉರ್ದುವಿನಲ್ಲಿ ‘ಜ಼’ ಎಂಬ ಒಂದೇ ಸದ್ದಿಗೆ ನಾಲ್ಕು ಅಕ್ಷರ ಇವೆ: ಜ಼ೇ, ಜ಼ಾಲ್, ಜ಼್ವಾದ್, ಜ಼ೋಯ್. ‘ಸ’ಕ್ಕೆ ಮೂರು, ‘ತ’ಕ್ಕೆ ಎರಡು. ಯಾವ ಪದಕ್ಕೆ ಯಾವುದು ಎಂದು ಬಾಯಿಪಾಠ ಮಾಡಲೇಬೇಕು. ಪದದ ಮೊದಲು, ನಡುವೆ, ಕೊನೆಯಲ್ಲಿ ಅಕ್ಷರದ ಆಕಾರ ಬದಲಾಗುತ್ತದೆ. ಉರ್ದು ಬರೆಯುವ ನಸ್ತಾಲೀಕ್ ಶೈಲಿಯಲ್ಲಿ ಪದಗಳು ಬಲ ಮೇಲಿನಿಂದ ಎಡ ಕೆಳಕ್ಕೆ ಇಳಿಯುತ್ತವೆ. ನೋಡಲು ಚೆಂದ, ಓದಲು ಕಲಿಯುವವರಿಗೆ ಕಷ್ಟ.

ಮಸೀದಿಯಲ್ಲಿ ಕುರಾನ್ ಓದಿದ ಮಕ್ಕಳಿಗೆ ಅಕ್ಷರ ಗೊತ್ತಿರುತ್ತವಲ್ಲ ಎಂದು ಕೇಳಬಹುದು. ಗೊತ್ತಿರುತ್ತವೆ, ಅದು ದೊಡ್ಡ ಸಹಾಯವೇ. ಆದರೆ ಕುರಾನ್ ಅಚ್ಚಾಗುವುದು ನಸ್ಖ್ ಶೈಲಿಯಲ್ಲಿ. ಅದರಲ್ಲಿ ಜ಼ಬರ್, ಜ಼ೇರ್, ಪೇಶ್ ಎಂಬ ಹ್ರಸ್ವ ಸ್ವರದ ಗುರುತುಗಳು ಎಲ್ಲ ಕಡೆ ಇರುತ್ತವೆ. ಗುರುತು ನೋಡಿದರೆ ಸಾಕು, ಅರ್ಥ ಗೊತ್ತಿಲ್ಲದೆಯೂ ಓದಬಹುದು. ಉರ್ದುವಿನಲ್ಲಿ ಈ ಗುರುತು ಹಾಕುವುದಿಲ್ಲ. ಪದ ಮೊದಲೇ ಗೊತ್ತಿದ್ದರೆ ಮಾತ್ರ ಸರಿಯಾಗಿ ಓದಲು ಬರುತ್ತದೆ. ಜೊತೆಗೆ ಅರಬ್ಬಿಯಲ್ಲಿ ಇಲ್ಲದ ಪೇ, ಚೇ, ಟೇ, ಡಾಲ್, ಗಾಫ್ ಮುಂತಾದವನ್ನು ಹೊಸದಾಗಿ ಕಲಿಯಬೇಕು. ಮಸೀದಿಯ ಓದು ಎಲ್ಲಿ ನಿಲ್ಲುತ್ತದೆ, ಶಾಲೆಯ ಓದು ಎಲ್ಲಿಂದ ಶುರುವಾಗಬೇಕು ಎಂದು ಗೊತ್ತಿರುವ ಶಿಕ್ಷಕರು ಸಿಕ್ಕರೆ ಮಕ್ಕಳು ಬೇಗ ಮುಂದೆ ಹೋಗುತ್ತಾರೆ. ಅಂಥ ತರಬೇತಿ ಪಡೆದವರು ಕಡಿಮೆ.

ಯಾರ ಖರ್ಚು, ಯಾರ ಹೊಣೆ

ಇಂಗ್ಲೆಂಡಿನಲ್ಲಿ ಪರೀಕ್ಷೆ ನಡೆಸುವುದು ಸರ್ಕಾರವಲ್ಲ, ಸ್ವತಂತ್ರ ಮಂಡಳಿಗಳು. ಬರೆಯುವವರು ಕಡಿಮೆಯಾದರೆ ಅವರಿಗೆ ನಷ್ಟ. 2015ರಲ್ಲಿ ಬಂಗಾಳಿ, ಪಂಜಾಬಿ, ಗುಜರಾತಿ, ಟರ್ಕಿಷ್, ಪೋಲಿಷ್ ಮುಂತಾದ ಭಾಷೆಗಳ ಕೆಲವು ಪರೀಕ್ಷೆಗಳನ್ನು ನಿಲ್ಲಿಸುತ್ತೇವೆ ಎಂದು ಮಂಡಳಿಗಳು ಹೇಳಿದವು. ಸಮುದಾಯದವರು, ಶಿಕ್ಷಕರು, ಸಂಸದರು ಗಲಾಟೆ ಮಾಡಿದರು. 2016ರಲ್ಲಿ ಸರ್ಕಾರ ನಡುವೆ ಬಂದು ಹೆಚ್ಚಿನವನ್ನು ಉಳಿಸಿತು. ಪರೀಕ್ಷೆ ಯಾಕೆ ಅಷ್ಟು ಮುಖ್ಯ ಅಂತೀರಾ? ಶಾಲೆಯ ಸಾಧನೆ ಅಳೆಯುವ ಲೆಕ್ಕದಲ್ಲಿ ಜಿಸಿಎಸ್‌ಇ ಉರ್ದು ಕೂಡ ಫ್ರೆಂಚಿನ ಹಾಗೇ ಸೇರುತ್ತದೆ. ಪೇಪರ್ ಹೋದರೆ ಹೆಡ್‌ಮಾಸ್ಟರಿಗೆ ಶಿಕ್ಷಕರನ್ನು ಇಟ್ಟುಕೊಳ್ಳಲು ಕಾರಣ ಉಳಿಯುವುದಿಲ್ಲ.

ಪೇಪರ್ ಇಲ್ಲದ ಭಾಷೆಗಳು ಶನಿವಾರ, ಭಾನುವಾರದ ಶಾಲೆಗಳಲ್ಲಿ ಬದುಕುತ್ತವೆ. ಇಂಗ್ಲೆಂಡಿನಲ್ಲಿ ಇಂಥವು ಮೂರರಿಂದ ಐದು ಸಾವಿರ ಇವೆ ಎಂಬ ಅಂದಾಜಿದೆ. ಬಾಡಿಗೆ ಹಾಲ್, ಸಂಬಳವಿಲ್ಲದ ಶಿಕ್ಷಕರು, ವಾರಕ್ಕೆ ಎರಡು ಗಂಟೆ. ಅಲ್ಲಿ ಕಲಿಸುವ ಅಕ್ಕಂದಿರು, ಅಣ್ಣಂದಿರ ಶ್ರಮಕ್ಕೆ ನನ್ನ ನಮಸ್ಕಾರ. ಆದರೆ ಗೆಳೆಯರು ಫುಟ್‌ಬಾಲ್ ಆಡುವ ಹೊತ್ತಿಗೆ ಮಗುವನ್ನು ಕೂರಿಸಿ ಕಲಿಸಿದ್ದಕ್ಕೂ, ಸೋಮವಾರ ಬೆಳಗ್ಗೆ ಗಣಿತದ ನಂತರ ಕಲಿಸಿದ್ದಕ್ಕೂ ತುಂಬ ವ್ಯತ್ಯಾಸ ಇದೆ. ಶಾಲೆಯ ಟೈಮ್‌ಟೇಬಲ್ಲಿನಲ್ಲಿ ಇರುವುದನ್ನು ಮಗು ನಿಜವಾದ ಓದು ಎಂದು ಎಣಿಸುತ್ತದೆ. ಉಳಿದದ್ದು ಅಪ್ಪ ಅಮ್ಮನ ಆಸೆ.

ಬೇರೆ ದೇಶಗಳು ಇದನ್ನು ಬೇರೆ ಥರ ಮಾಡಿವೆ. ಸ್ವೀಡನ್ನಿನಲ್ಲಿ 1977ರ ಸುಧಾರಣೆಯಿಂದ ಮನೆಮಾತಿನ ಪಾಠ ಕಾನೂನಿನಲ್ಲೇ ಇದೆ. ಮಗು ಆ ಭಾಷೆಯನ್ನು ಮನೆಯಲ್ಲಿ ದಿನಾ ಬಳಸಬೇಕು, ಊರಾಡಳಿತದ ವ್ಯಾಪ್ತಿಯಲ್ಲಿ ಕನಿಷ್ಠ ಐದು ಮಕ್ಕಳು ಕೇಳಬೇಕು, ಶಿಕ್ಷಕರು ಸಿಗಬೇಕು. ಭಾಷೆಗಳ ಪಟ್ಟಿ ಇಲ್ಲ. ಹಾಗಾಗಿ ಉರ್ದುವಿಗೆ ಇರುವ ನಿಯಮವೇ ಪಹಾಡಿಗೂ ಕನ್ನಡಕ್ಕೂ ಇದೆ. ಆದರೂ ವಾರಕ್ಕೆ ಸಿಗುವ ಹೊತ್ತು ಕಡಿಮೆ, ಎಷ್ಟೋ ಕಡೆ ಪಾಠ ನಡೆಯುವುದು ಶಾಲೆ ಬಿಟ್ಟ ಮೇಲೆ. ಕೆನಡಾದ ಒಂಟಾರಿಯೋದಲ್ಲಿ 1977ರಲ್ಲೇ ಯೋಜನೆ ಶುರುವಾಯಿತು. 25 ಮಕ್ಕಳ ಪೋಷಕರು ಕೇಳಿದರೆ ಶಾಲಾ ಮಂಡಳಿ ಕೊಡಲೇಬೇಕು ಎಂದು 1989ರಲ್ಲಿ ಆಯಿತು. ಡೆನ್ಮಾರ್ಕ್ ಮಾತ್ರ 2002ರಲ್ಲಿ ಯುರೋಪಿನ ಒಕ್ಕೂಟ ಮತ್ತು ಅದರ ಆರ್ಥಿಕ ವಲಯದ ಹೊರಗಿನ ದೇಶಗಳ ಭಾಷೆಗಳಿಗೆ ಈ ಕಡ್ಡಾಯವನ್ನು ತೆಗೆದುಹಾಕಿತು. ನೆದರ್ಲೆಂಡ್ಸ್ 2004ರಲ್ಲಿ ಹಣವನ್ನೇ ನಿಲ್ಲಿಸಿತು. ಎರಡೂ ಕಡೆ ಹೊಸ ಸಂಶೋಧನೆ ಏನೂ ಬಂದಿರಲಿಲ್ಲ, ವಲಸಿಗರ ಬಗೆಗಿನ ರಾಜಕೀಯ ಬದಲಾಗಿತ್ತು.

ಇಂಗ್ಲೆಂಡಿನಲ್ಲಿರುವ ಪೋಷಕರು ಈಗಲೂ ಮಾಡಬಹುದಾದ್ದು ಇದೆ. ಪ್ರೈಮರಿಯಲ್ಲಿ ಏಳರಿಂದ ಹನ್ನೊಂದು ವರ್ಷದ ಮಕ್ಕಳಿಗೆ 2014ರಿಂದ ಒಂದು ಭಾಷೆ ಕಡ್ಡಾಯ. ಅದು ಯಾವ ಭಾಷೆಯೂ ಆಗಬಹುದು, ಫ್ರೆಂಚೇ ಆಗಬೇಕೆಂದಿಲ್ಲ. ತೀರ್ಮಾನ ಶಾಲೆಯದು, ಕೇಳಲು ಅಡ್ಡಿಯಿಲ್ಲ. ಶಾಲೆಯಲ್ಲಿ ಉರ್ದು ತರಗತಿ ಇಲ್ಲದಿದ್ದರೂ ಮಗುವನ್ನು ಜಿಸಿಎಸ್‌ಇ ಉರ್ದುವಿಗೆ ಕೂರಿಸಲು ಶಾಲೆ ಒಪ್ಪಬಹುದು. ಮೌಖಿಕ ಪರೀಕ್ಷೆ ನಡೆಸಲು ಉರ್ದು ಬಲ್ಲ ಒಬ್ಬರು ಬೇಕು, ಅವರನ್ನು ಹುಡುಕುವುದರಲ್ಲೇ ತಡವಾಗುತ್ತದೆ. ಬೇಸಿಗೆಯ ಪರೀಕ್ಷೆಗೆ ಹೆಸರು ಕೊಡುವ ಗಡುವು ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಮುಗಿಯುತ್ತದೆ. ಹಾಗಾಗಿ ಹಿಂದಿನ ಸೆಪ್ಟೆಂಬರ್‌ನಲ್ಲೇ, ಶಾಲೆ ಶುರುವಾದ ಕೂಡಲೇ, ಹೋಗಿ ಕೇಳಿ. ಆಗಲೇ ಫಾರಂನಲ್ಲಿ ಮನೆಯ ಭಾಷೆ ಏನೆಂದು ಬರೆದಿದೆ ಅಂತಲೂ ನೋಡಿ. ಮನೆಯಲ್ಲಿ ಆಡುವುದು ಪಹಾಡಿ ಆದರೆ ಪಹಾಡಿ ಅಂತಲೇ ಬರೆಸಿ, ತುಳು ಆದರೆ ತುಳು ಅಂತ. ಆ ಕಾಲಂ ನೋಡಿಯೇ ಶಾಲೆಗಳೂ ಸರ್ಕಾರವೂ ಯಾವ ಭಾಷೆಯ ಮಕ್ಕಳು ಎಷ್ಟಿದ್ದಾರೆ ಎಂದು ಲೆಕ್ಕ ಹಾಕುವುದು.